ಡೆಬಿಯನ್ ಜೊತೆ ಮ್ಯಾಜಿಕ್ ಟ್ರ್ಯಾಕ್‌ಪ್ಯಾಡ್ 2: ಎರಡೂವರೆ ವರ್ಷ ಬಳಸಿದ ಮೇಲೆ

ಮನೆಯಲ್ಲೇ ಕೂತು ಕನ್ನಡ ಪುಸ್ತಕಗಳ ಕರಡು ತಿದ್ದುವುದು ನನ್ನ ಕೆಲಸ. ದಿನಕ್ಕೆ ಏಳೆಂಟು ಗಂಟೆ ಮೌಸ್ ಹಿಡಿದು ಬಲಗೈ ಮಣಿಕಟ್ಟು ನೋಯಲು ಶುರುವಾಯಿತು. ಆಗ ಆಪಲ್‌ನ ಮ್ಯಾಜಿಕ್ ಟ್ರ್ಯಾಕ್‌ಪ್ಯಾಡ್ 2 (ಮೇಜಿನ ಮೇಲೆ ಬೇರೆಯಾಗಿ ಇಡುವ ಟಚ್‌ಪ್ಯಾಡ್) ಅನ್ನು ಸೆಕೆಂಡ್ ಹ್ಯಾಂಡ್ ತಗೊಂಡೆ. ಲ್ಯಾಪ್‌ಟಾಪ್‌ನಲ್ಲಿ ಇದ್ದದ್ದು ಡೆಬಿಯನ್ 12 ಅನ್ನೋ ಲಿನಕ್ಸ್ ಮತ್ತು ಅದರ ಮೇಲೆ ಗ್ನೋಮ್ ಡೆಸ್ಕ್‌ಟಾಪ್. ಲಿನಕ್ಸ್‌ನಲ್ಲಿ ಇದು ನಡೆಯುತ್ತಾ ಅನ್ನೋ ಅನುಮಾನ ಇತ್ತು.

ನಡೆಯಿತು. ಕೇಬಲ್ ಚುಚ್ಚಿದ ಕೂಡಲೇ ಪಾಯಿಂಟರ್ ಓಡಿತು. 2018ರ ಕೊನೆಗೆ ಬಂದ 4.20 ಆವೃತ್ತಿಯಿಂದ ಇದರ ಡ್ರೈವರ್ ಲಿನಕ್ಸ್‌ನ ತಿರುಳಾದ ಕರ್ನೆಲ್ ಒಳಗೇ ಇದೆ. ಬೆರಳು ತಟ್ಟಿದರೆ ಕ್ಲಿಕ್ ಆಗುವ ‘ಟ್ಯಾಪ್ ಟು ಕ್ಲಿಕ್’ ಮಾತ್ರ ಸೆಟ್ಟಿಂಗ್ಸ್‌ಗೆ ಹೋಗಿ ಆನ್ ಮಾಡಿಕೊಂಡೆ. ಬ್ಲೂಟೂತ್‌ನಲ್ಲೂ ನಡೆಯುತ್ತದೆ, ಆದರೆ ನಾನು ಕೇಬಲ್‌ನಲ್ಲೇ ಇಟ್ಟಿದ್ದೇನೆ.

ಕಷ್ಟ ಬಂದದ್ದು ಬೇರೆ ಕಡೆ. ಟಚ್‌ಪ್ಯಾಡ್ ಅಂದರೆ ಲ್ಯಾಪ್‌ಟಾಪ್‌ನ ಮೈಯಲ್ಲೇ ಇರುತ್ತದೆ ಅನ್ನೋ ಲೆಕ್ಕದಲ್ಲಿ ಹಲವು ಸೆಟ್ಟಿಂಗ್‌ಗಳು ತಯಾರಾಗಿವೆ.

ಟೈಪ್ ಮಾಡುವಾಗ ಟಚ್‌ಪ್ಯಾಡ್ ಸುಮ್ನೆ ಇರಬೇಕು, ಅಲ್ವಾ? ಒಳಗಿನ ಪ್ಯಾಡ್‌ಗೆ, ಮೌಸ್, ಟಚ್‌ಪ್ಯಾಡ್‌ಗಳನ್ನು ನೋಡಿಕೊಳ್ಳುವ ಲಿಬ್‌ಇನ್‌ಪುಟ್ ಅನ್ನೋ ತಂತ್ರಾಂಶ ಈ ಕೆಲಸ ಮಾಡಿಕೊಡುತ್ತದೆ. ಹೊರಗಿನದಕ್ಕೆ ಮಾಡುವುದಿಲ್ಲ. ಪ್ಯಾಡ್ ಮೇಜಿನ ಯಾವ ಮೂಲೆಯಲ್ಲಿದೆ ಅಂತ ಅದಕ್ಕೆ ಗೊತ್ತಾಗುವ ದಾರಿಯೇ ಇಲ್ಲ. ಕನ್ನಡ ಟೈಪ್ ಮಾಡೋರಿಗೆ ಇದರ ಪೆಟ್ಟು ಜಾಸ್ತಿ. ಕಗಪ ಕೀಲಿಮಣೆಯಲ್ಲಿ ‘ಕ್ಷಮೆ’ ಅಂತ ಹೊಡೆಯುತ್ತಿರುತ್ತೇನೆ. ಕ ಬಿತ್ತು, ಒತ್ತಿನ ಕೀ ಬಿತ್ತು, ಅಷ್ಟರಲ್ಲಿ ಅಂಗೈ ಪ್ಯಾಡ್‌ಗೆ ತಾಗಿತು. ಕರ್ಸರ್ ಹಾರಿ, ಷ ಎರಡು ಸಾಲು ಮೇಲಿನ ಇನ್ಯಾವುದೋ ಪದದ ನಡುವೆ ಕೂತಿತು. ಇಲ್ಲಿ ಅರ್ಧ ಅಕ್ಷರ, ಅಲ್ಲಿ ಹೆಚ್ಚಿನ ಅಕ್ಷರ. ಕರಡು ತಿದ್ದುವವಳೇ ತಪ್ಪು ಸೇರಿಸಿದರೆ ಹೇಗೆ? ಮೊದಲ ತಿಂಗಳು ಪ್ರತಿ ಪುಟವನ್ನೂ ಎರಡೆರಡು ಸಲ ಓದಿದೆ.

ಲಿಬ್‌ಇನ್‌ಪುಟ್‌ನ ಟೂಲ್ಸ್ ಪ್ಯಾಕೇಜ್‌ನಲ್ಲಿ ಬೆರಳು, ಅಂಗೈ ತಾಗಿದ ಜಾಗದ ಅಳತೆ ತೋರಿಸುವ ಒಂದು ಕಮಾಂಡ್ ಇದೆ. ಆ ಅಳತೆ ನೋಡಿಕೊಂಡು, ಎಷ್ಟರ ಮೇಲೆ ಬಂದರೆ ಅಂಗೈ ಅಂತ ತಿಳಿಯಬೇಕು ಎಂಬುದನ್ನು ಅದರ ಕ್ವರ್ಕ್ಸ್ ಫೈಲ್‌ನಲ್ಲಿ (ಒಂದೊಂದು ಸಾಧನಕ್ಕೂ ಬೇಕಾದ ವಿಶೇಷ ಹೊಂದಿಕೆ ಬರೆಯುವ ಫೈಲ್) ಬರೆದೆ. ಸ್ವಲ್ಪ ಸುಧಾರಿಸಿತು. ನಿಜವಾಗಿ ಕೆಲಸ ಮಾಡಿದ್ದು ಪ್ಯಾಡನ್ನು ಕೀಬೋರ್ಡ್‌ನ ಎಡಕ್ಕೆ ಒಂದು ಗೇಣು ದೂರ ಸರಿಸಿದ್ದು. ಎಡಗೈ ರೂಢಿಯಾಗಲು ಮೂರು ವಾರ ಬೇಕಾಯಿತು, ಬಲಗೈಗೆ ವಿಶ್ರಾಂತಿಯೂ ಸಿಕ್ಕಿತು.

ಇನ್ನೊಂದು ಎಚ್ಚರಿಕೆ. ಮೂರು ಬೆರಳಿನ ಟ್ಯಾಪ್ ಅಂದರೆ ಮೌಸ್‌ನ ನಡುವಿನ ಬಟನ್. ಲಿನಕ್ಸ್‌ನಲ್ಲಿ ಅದು, ಕೊನೆಯಲ್ಲಿ ಸೆಲೆಕ್ಟ್ ಮಾಡಿದ ಪಠ್ಯವನ್ನು ಅಲ್ಲೇ ಅಂಟಿಸಿಬಿಡುತ್ತದೆ. ಒಂದು ಕಾದಂಬರಿಯ ನಡುವೆ ಹೀಗೆ ಒಂದು ಇಡೀ ವಾಕ್ಯ ಎರಡನೇ ಸಲ ಬಂದು ಸೇರಿತ್ತು. ಅಚ್ಚಿಗೆ ಹೋಗುವ ಮೊದಲು ಕಣ್ಣಿಗೆ ಬಿತ್ತು, ಪುಣ್ಯ. ಗ್ನೋಮ್‌ನ ಹೆಚ್ಚಿನ ಸೆಟ್ಟಿಂಗ್‌ಗಳಿರುವ ಟ್ವೀಕ್ಸ್ ಆ್ಯಪ್‌ನಲ್ಲಿ ಇದನ್ನು ಆಫ್ ಮಾಡಬಹುದು. ಫೈರ್‌ಫಾಕ್ಸ್‌ಗೆ ಮಾತ್ರ ಅದರದೇ ಸೆಟ್ಟಿಂಗ್ ಇದೆ, ಅಲ್ಲೂ ಆಫ್ ಮಾಡಬೇಕು.

ಗ್ನೋಮ್‌ನಲ್ಲಿ ಎಲ್ಲ ಟಚ್‌ಪ್ಯಾಡ್‌ಗಳಿಗೂ ಒಂದೇ ಸೆಟ್ಟಿಂಗ್. ವೇಗ ಬದಲಿಸಿದರೆ ಒಳಗಿನದಕ್ಕೂ ಬದಲಾಗುತ್ತದೆ, ಆಫ್ ಮಾಡಿದರೆ ಎರಡೂ ಆಫ್. ನನಗೆ ಒಳಗಿನದು ಬೇಡವಾಗಿತ್ತು. ಅದನ್ನು ಲಿಬ್‌ಇನ್‌ಪುಟ್ ಲೆಕ್ಕಕ್ಕೇ ತಗೋಬಾರದು ಅಂತ ಒಂದು ಸಾಲಿನ ಯೂಡೆವ್ ನಿಯಮ (ಲಿನಕ್ಸ್ ಸಾಧನಗಳನ್ನು ಗುರುತಿಸುವಾಗ ಓದುವ ನಿಯಮ) ಬರೆದಿಟ್ಟೆ. ಒಂದು ಸಲ ಬರೆದರೆ ಸಾಕು. ಆದರೆ ಪ್ಯಾಡ್ ಬಿಟ್ಟು ಊರಿಗೆ ಹೊರಟರೆ ಜೊತೆಗೆ ಒಂದು ಮೌಸ್ ಇಟ್ಟುಕೊಳ್ಳಬೇಕು.

ಪ್ಯಾಡ್ ಬಗ್ಗೆ ದೂರಿಲ್ಲ. 16 ಸೆಂ.ಮೀ. ಅಗಲದ ಗಾಜಿನ ಮೇಲೆ ಉದ್ದದ ಪುಟ ಒಂದೇ ಎಳೆತಕ್ಕೆ ಸರಿಯುತ್ತದೆ. ಗ್ನೋಮ್ ವೇಲ್ಯಾಂಡ್‌ನಲ್ಲಿ (ಪರದೆಯ ಚಿತ್ರ ನೋಡಿಕೊಳ್ಳುವ ಹೊಸ ವ್ಯವಸ್ಥೆ) ಓಡುವಾಗ ಮೂರು ಬೆರಳು ಪಕ್ಕಕ್ಕೆ ಸರಿಸಿದರೆ ಒಂದು ವರ್ಕ್‌ಸ್ಪೇಸ್‌ನಲ್ಲಿಟ್ಟ ಮೂಲಪ್ರತಿಯಿಂದ ಇನ್ನೊಂದರಲ್ಲಿಟ್ಟ ಕರಡಿಗೆ ಹೋಗಬಹುದು. ನನ್ನ ಕೆಲಸಕ್ಕೆ ಇದಕ್ಕಿಂತ ಹೆಚ್ಚಿನ ಸುಖ ಬೇಡ.

ಉಳಿದ ಕೊರತೆ ಒಂದೇ. ಟಚ್‌ಪ್ಯಾಡ್‌ನ ಸ್ಕ್ರೋಲ್ ವೇಗ ಬದಲಿಸಲು ನನ್ನ ಗ್ನೋಮ್‌ನಲ್ಲಿ ಜಾಗವೇ ಇಲ್ಲ. ಗ್ನೋಮ್‌ನಂತೆಯೇ ಇನ್ನೊಂದು ಡೆಸ್ಕ್‌ಟಾಪ್ ಆದ ಕೆಡಿಇ ಪ್ಲಾಸ್ಮಾದಲ್ಲಿ ಇದೆ, ಅದೂ ಒಂದೊಂದು ಪ್ಯಾಡ್‌ಗೂ ಬೇರೆ ಬೇರೆ. ಹೊಸದಾಗಿ ಹಾಕಿಕೊಳ್ಳೋರು ಇದ್ದರೆ ಮೊದಲು ಪ್ಲಾಸ್ಮಾ ನೋಡಿ ಅಂತಲೇ ಹೇಳುತ್ತೇನೆ.