ದಾವಣಗೆರೆಯಲ್ಲಿ ಸಿ.ವಿ. ರಾಮನ್ ಭಾವಚಿತ್ರದ ಫ್ರೇಮ್: ಚಿತ್ರ ಚೆನ್ನ, ಬರಹ ತಿದ್ದಿಸಿ

ಮಂಡಿಪೇಟೆಯ ಫ್ರೇಮ್ ಅಂಗಡಿಯೊಂದರಲ್ಲಿ ಶಾಲಾ ಪ್ರಯೋಗಾಲಯಗಳಿಗೆಂದು ಸರ್ ಸಿ.ವಿ. ರಾಮನ್ ಭಾವಚಿತ್ರ ಮಾಡಿಕೊಡುತ್ತಾರೆ. 1930ರ ನೊಬೆಲ್ ಸಂದರ್ಭದ ಕಪ್ಪು-ಬಿಳುಪು ಚಿತ್ರ, 12×18 ಇಂಚು, ಕೆಳಗೆ ಸಾಧನೆಯ ಕೆಲವು ಸಾಲು.

ಚಿತ್ರದ ಕೆಲಸ ಅಚ್ಚುಕಟ್ಟು. ಪೇಟದ ಮಡಿಕೆ ಒಂದೊಂದೂ ಬೇರೆಯಾಗಿ ಕಾಣುತ್ತದೆ. ಆದರೆ ಒಳ್ಳೆಯ ಫೈಲ್ ಕೊಟ್ಟರೆ ಮಾತ್ರ. ಈ ಅಳತೆಗೆ 3600×5400 ಪಿಕ್ಸೆಲ್ ಇದ್ದರೆ ಉತ್ತಮ. 2400×3600 ಇದ್ದರೂ ಗೋಡೆಗೆ ನಡೆಯುತ್ತದೆ. ವಾಟ್ಸಾಪ್‌ನಲ್ಲಿ ಫೋಟೋ ಅಂತ ಕಳಿಸಿದರೆ ಕುಗ್ಗಿಬಿಡುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿ, ಇಲ್ಲವೇ ಪೆನ್‌ಡ್ರೈವ್ ಒಯ್ಯಿರಿ. ಚಿಕ್ಕ ಫೈಲನ್ನೇ ಎಐನಲ್ಲಿ ಹಿಗ್ಗಿಸಿ ಬಣ್ಣ ತುಂಬಿಕೊಡುತ್ತೇವೆ ಎಂದರೆ ದಯವಿಟ್ಟು ಒಪ್ಪಬೇಡಿ. ಇಲ್ಲದ ವಿವರವನ್ನು ಅದು ಊಹಿಸಿ ತುಂಬುತ್ತದೆ: ಕೆನ್ನೆ ಮೇಣದಂತೆ ನುಣುಪಾಗುತ್ತದೆ, ಕಣ್ಣು ಇನ್ಯಾರದೋ ಆಗುತ್ತದೆ. ಮಕ್ಕಳು ದಿನಾ ನೋಡುವ ಮುಖ ರಾಮನ್ ಅವರದೇ ಆಗಿರಬೇಕು.

ಬಣ್ಣದ ಇಂಕ್ ಬೆರೆಸಿ ಕಪ್ಪು-ಬಿಳುಪು ಪ್ರಿಂಟ್ ಹಾಕಿದಾಗ ಕೆಲವೊಮ್ಮೆ ಹಸಿರು ಛಾಯೆ ಬರುತ್ತದೆ. ಮೊದಲು 4×6ರ ಒಂದು ಪ್ರಿಂಟ್ ತೆಗೆಸಿ, ಅಂಗಡಿಯ ಲೈಟಿನಲ್ಲಲ್ಲ, ಹೊರಗೆ ಬಿಸಿಲಲ್ಲಿ ನೋಡಿ. ಮ್ಯಾಟ್ ಪೇಪರ್ ಕೇಳಿ. ಗ್ಲಾಸಿ ಆದರೆ ಟ್ಯೂಬ್‌ಲೈಟ್ ಹೊಳೆಯುತ್ತದೆ. ಗಾಜಿಗೂ ಪ್ರಿಂಟಿಗೂ ನಡುವೆ ಮೌಂಟ್ ಬೋರ್ಡ್ (ಚಿತ್ರದ ಸುತ್ತ ಅಂಚಿನಂತೆ ಕೂರುವ ದಪ್ಪ ರಟ್ಟು) ಇರಲೇಬೇಕು, ಇಲ್ಲದಿದ್ದರೆ ಮಳೆಗಾಲದ ತೇವಕ್ಕೆ ಗಾಜಿಗೆ ಅಂಟಿಕೊಳ್ಳುತ್ತದೆ. ಬಿಡಿಸಲು ಹೋದರೆ ಮುಖವೇ ಕಿತ್ತು ಬರುತ್ತದೆ.

ಬೇಸರವಾಗುವುದು ಬರಹದಲ್ಲಿ. ಅಂಗಡಿಯ ಸಿದ್ಧ ಸಾಲುಗಳಲ್ಲಿ 'ಜನನ: ಫೆಬ್ರವರಿ 28' ಎಂದಿದೆ. ಅವರು ಹುಟ್ಟಿದ್ದು 1888ರ ನವೆಂಬರ್ 7, ತಿರುಚಿರಾಪಳ್ಳಿಯಲ್ಲಿ. ಫೆಬ್ರವರಿ 28, 1928ರಲ್ಲಿ ರಾಮನ್ ಪರಿಣಾಮ (ವಸ್ತುವಿನಲ್ಲಿ ಚದುರಿದ ಬೆಳಕಿನ ಸ್ವಲ್ಪ ಭಾಗದ ಬಣ್ಣ ಬದಲಾಗುವುದು) ಕಂಡ ದಿನ. ರಾಷ್ಟ್ರೀಯ ವಿಜ್ಞಾನ ದಿನ ಬಂದದ್ದು ಅದರಿಂದ. 1907ರಲ್ಲಿ ಹಣಕಾಸು ಇಲಾಖೆಯ ಕೆಲಸಕ್ಕೆ ಕಲ್ಕತ್ತಕ್ಕೆ ಹೋದದ್ದು, 1917ರಲ್ಲಿ ಅದನ್ನು ಬಿಟ್ಟು ಕಲ್ಕತ್ತ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರದ ಪಾಲಿತ್ ಪ್ರಾಧ್ಯಾಪಕರಾದದ್ದು ಸಾಲುಗಳಲ್ಲಿ ಇಲ್ಲವೇ ಇಲ್ಲ. ಸರ್ಕಾರಿ ಹುದ್ದೆ ಬಿಟ್ಟು ವಿಜ್ಞಾನಕ್ಕೆ ಬಂದ ಆ ಸಂಗತಿಯನ್ನು ಖಂಡಿತ ಸೇರಿಸಿ. 1933ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ (ನಮ್ಮ ಚಳ್ಳಕೆರೆ ಬಳಿಯೂ ಆವರಣ ಇರುವ ಅದೇ ಸಂಸ್ಥೆ) ಮೊದಲ ಭಾರತೀಯ ನಿರ್ದೇಶಕ, 1954ರಲ್ಲಿ ಭಾರತರತ್ನ, 1970ರಲ್ಲಿ ನಿಧನ: ಇವು ಸರಿಯಾಗಿವೆ.

ನೀವು ಯೂನಿಕೋಡ್‌ನಲ್ಲಿ ಕಳಿಸಿದ್ದನ್ನು ಅವರು ನುಡಿ ಫಾಂಟಿಗೆ ಬದಲಿಸುವಾಗ ಒತ್ತಕ್ಷರ ಒಡೆಯುತ್ತವೆ. 'ನಿರ್ದೇಶಕ'ದ ಅರ್ಕಾವತ್ತು, 'ಕೃಷ್ಣನ್'ನ ಣ-ಒತ್ತು ವಿಶೇಷವಾಗಿ ನೋಡಿ, ಮೊಬೈಲಲ್ಲಲ್ಲ, ಕಾಗದದ ಪ್ರೂಫಿನಲ್ಲಿ. ಹೌದು, ಕೃಷ್ಣನ್ ಹೆಸರು ಹಾಕಿಸಿ. 1928ರ ಆ ಪ್ರಯೋಗಗಳಲ್ಲಿ ಜೊತೆಗಿದ್ದವರು ಕೆ.ಎಸ್. ಕೃಷ್ಣನ್, ಒಂದು ಸಾಲಿಗೆ ಕೆಳಗೆ ಜಾಗ ಇದೆ.