ಕೆಳಗೆ ಅಂಗಡಿ, ಮೇಲೆ ಮನೆ: ಅಡ್ವಾನ್ಸ್ ಕೊಡುವ ಮುಂಚೆ ನೆಲಮಹಡಿಯ ನಕ್ಷೆ ನೋಡಿ

ದಾವಣಗೆರೆಯ ಹೊಸ ಬಡಾವಣೆಯೊಂದರಲ್ಲಿ ಕೆಳಗೆ ಮಳಿಗೆ, ಮೇಲೆ ಫ್ಲ್ಯಾಟ್ ಇರುವ ಕಟ್ಟಡಕ್ಕೆ ದುಡ್ಡು ಹಾಕಿದ ಕುಟುಂಬಗಳು ಈಗ ಕಚೇರಿಯಿಂದ ಕಚೇರಿಗೆ ಅಲೆಯುತ್ತಿವೆ. ಗೃಹಪ್ರವೇಶ ಆಗಿದೆ, ಖಾತೆ ಆಗಿಲ್ಲ. ಮಳಿಗೆಗಳಿಗೆ ನೋಟಿಸ್ ಬಂದಿದೆ, ಮೇಲಿನವರಿಗೆ ಕಾರು ನಿಲ್ಲಿಸಲು ಜಾಗವಿಲ್ಲ. ಬಿಲ್ಡರ್ ಎಲ್ಲರಿಗೂ ಪಾಲಿಕೆಯ ಲೈಸೆನ್ಸ್ ತೋರಿಸಿದ್ದ, ಅದು ಅಸಲಿಯೇ. ಆದರೆ ಅದು ಬರೀ ವಾಸದ ಕಟ್ಟಡಕ್ಕೆ ಕೊಟ್ಟ ಲೈಸೆನ್ಸ್.

ಮಂಜೂರಾದ ನಕ್ಷೆಯ ನೆಲಮಹಡಿ ಹಾಳೆಯಲ್ಲಿ ಕಂಬಗಳ ನಡುವೆ ಸಾಲಾಗಿ ಆಯತಗಳಿವೆ, ಒಂದೊಂದರಲ್ಲೂ ಕಾರಿನ ಗುರುತು, ಪಕ್ಕದಲ್ಲಿ ‘ಸ್ಟಿಲ್ಟ್ ಪಾರ್ಕಿಂಗ್’ ಎಂಬ ಬರಹ. ಮೂಲೆಯ ವಿಸ್ತೀರ್ಣದ ಪಟ್ಟಿಯಲ್ಲಿ ವಾಣಿಜ್ಯ ಎಂಬ ಸಾಲೇ ಇಲ್ಲ. ಮೇಲಿನ ಮಹಡಿಗಳ ಮೋಲ್ಡ್ ಮುಗಿದ ಮೇಲೆ ಅದೇ ಕಂಬಗಳ ನಡುವೆ ಗೋಡೆ ಎಬ್ಬಿಸಿ ಶಟರ್ ಕೂರಿಸಲಾಗಿದೆ. ನಮ್ಮದು ಎರೆ ಮಣ್ಣಿನ ಸೀಮೆ. ಮಳೆಗೆ ಉಬ್ಬಿ ಬೇಸಿಗೆಗೆ ಕುಗ್ಗುವ ಈ ನೆಲದ ಮೇಲೆ ಬುನಾದಿಯಿಲ್ಲದೆ ಎಬ್ಬಿಸಿದ ಗೋಡೆ ಓರೆಯಾಗಿ ಬಿರುಕು ಬಿಡುತ್ತದೆ. ಸೈಟಿಗೆ ಹೋದಾಗ ಕಂಬಕ್ಕೂ ಗೋಡೆಗೂ ನಡುವಿನ ಸಂದು ನೋಡಿ, ಗೋಡೆ ಆಮೇಲೆ ಬಂದದ್ದೋ ಅಲ್ಲವೋ ಗೊತ್ತಾಗುತ್ತದೆ.

ಬಿಲ್ಡರ್‌ಗಳು ಹೀಗೆ ಮಾಡುವುದಕ್ಕೆ ಕಾರಣವಿದೆ. ವಾಸದ ಜಾಗದಲ್ಲಿ ವಾಣಿಜ್ಯ ಬೇಕೆಂದರೆ ದಾವಣಗೆರೆ-ಹರಿಹರ ನಗರಾಭಿವೃದ್ಧಿ ಪ್ರಾಧಿಕಾರ, ಅಂದರೆ ದೂಡಾದಲ್ಲಿ ಭೂಬಳಕೆ ಬದಲಾವಣೆ ಆಗಬೇಕು. 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 14ಎ ಕಲಮಿನಂತೆ ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು, ಆಕ್ಷೇಪಣೆಗೆ ಕನಿಷ್ಠ 15 ದಿನ ಬಿಡಬೇಕು. ಶುಲ್ಕ ಕಟ್ಟಬೇಕು, ರಸ್ತೆ ಅಗಲ, ಪಾರ್ಕಿಂಗ್ ಎಲ್ಲವೂ ಪರಿಶೀಲನೆಗೆ ಬರುತ್ತವೆ. ಇಷ್ಟನ್ನೂ ತಪ್ಪಿಸಿಕೊಳ್ಳಲು ನಕ್ಷೆಯಲ್ಲಿ ಪಾರ್ಕಿಂಗ್ ತೋರಿಸಿ, ನೆಲದ ಮೇಲೆ ಅಂಗಡಿ ಕಟ್ಟಿ ಮಾರುತ್ತಾರೆ. ಇದು ಕೊಂಡವರಿಗೆ ಮಾಡುವ ಶುದ್ಧ ಮೋಸ.

ಪೆಟ್ಟು ಅಂಗಡಿಯವರಿಗಷ್ಟೇ ಬೀಳುವುದಿಲ್ಲ. 1976ರ ಪೌರನಿಗಮಗಳ ಕಾಯ್ದೆಯ 310ನೇ ಕಲಮಿನಡಿ ಕಾಮಗಾರಿ ಮುಗಿದ ವರದಿ ಕೊಟ್ಟು ವಾಸಕ್ಕೆ ಅನುಮತಿ ಪತ್ರ ಪಡೆಯಬೇಕು. ಕೆಳಗೆ ನಕ್ಷೆ ಮೀರಿದ್ದರೆ, ಮೇಲೆ ನಕ್ಷೆಯಂತೆಯೇ ಕಟ್ಟಿದ ಮನೆಗಳೂ ಜೊತೆಗೆ ಸಿಕ್ಕಿಕೊಳ್ಳುತ್ತವೆ. ಈ ಅನುಮತಿ ಪತ್ರ ತೋರಿಸಿದ ಮೇಲೆಯೇ ಕರೆಂಟು, ನೀರು, ಒಳಚರಂಡಿ ಸಂಪರ್ಕ ಕೊಡಬೇಕೆಂದು ಸುಪ್ರೀಂ ಕೋರ್ಟ್ 2024ರ ಡಿಸೆಂಬರ್ 17ರಂದು ಹೇಳಿದೆ. ಕಟ್ಟಡದ ಮೇಲೆ ಸಾಲ ಕೊಡುವ ಬ್ಯಾಂಕುಗಳೂ ಅದನ್ನು ನೋಡಬೇಕು. ಲಿಫ್ಟು, ಮೋಟರು ಇನ್ನೂ ಕಟ್ಟಡ ಕೆಲಸದ ತಾತ್ಕಾಲಿಕ ಮೀಟರಿನಲ್ಲೇ ಓಡುತ್ತಿದ್ದರೆ ಸಂಶಯಪಡಿ. ಅದರ ದರವೂ ಮನೆ ದರಕ್ಕಿಂತ ಹೆಚ್ಚು.

ಹಾಗಾಗಿ ಅಡ್ವಾನ್ಸ್‌ಗೆ ಮುಂಚೆ ಸರ್ವೆ ನಂಬರ್ ಹಿಡಿದು ದೂಡಾ ಮಾಸ್ಟರ್ ಪ್ಲಾನ್‌ನಲ್ಲಿ ಆ ಜಾಗ ಯಾವ ವಲಯದಲ್ಲಿದೆ ನೋಡಿ: ಹಳದಿ ವಾಸಕ್ಕೆ, ನೀಲಿ ವಾಣಿಜ್ಯಕ್ಕೆ. ಆಮೇಲೆ ಅಲಿನೇಷನ್ ಆದೇಶವನ್ನು, ಅಂದರೆ ಕೃಷಿ ಜಮೀನನ್ನು ಬೇರೆ ಬಳಕೆಗೆ ಬದಲಿಸಿದ ಆದೇಶವನ್ನು ಪೂರ್ತಿ ಓದಿ, ಯಾವ ಉದ್ದೇಶಕ್ಕೆ ಎಂದು ಅದರಲ್ಲೇ ಇರುತ್ತದೆ. ನಕ್ಷೆಯ ಪ್ರತಿಯನ್ನು ಬಿಲ್ಡರ್ ಕೈಯಿಂದ ತೆಗೆದುಕೊಳ್ಳಬೇಡಿ. ಪಾಲಿಕೆಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ: 10 ರೂಪಾಯಿ ಪೋಸ್ಟಲ್ ಆರ್ಡರ್, ಒಂದೇ ವಿಷಯ, 150 ಪದದೊಳಗೆ. ‘ಈ ಸ್ವತ್ತಿನ ಮಂಜೂರಾದ ನಕ್ಷೆಯ ಎಲ್ಲ ಹಾಳೆಗಳು ಮತ್ತು ಲೈಸೆನ್ಸ್ ಷರತ್ತುಗಳ ದೃಢೀಕೃತ ಪ್ರತಿ ಕೊಡಿ’ ಎಂದರೆ ಸಾಕು. 30 ದಿನದೊಳಗೆ ಉತ್ತರ ಕೊಡಬೇಕು. ಅಷ್ಟು ದಿನ ಕಾಯಲಾಗದು, ಬೇರೆ ಗಿರಾಕಿ ಇದ್ದಾರೆ ಎಂದು ಬಿಲ್ಡರ್ ಅವಸರ ಮಾಡಿದರೆ ಬಿಟ್ಟುಬಿಡಿ.

‘ಚಿಕ್ಕ ಪ್ರಾಜೆಕ್ಟ್, ರೇರಾ ಬೇಡ’ ಎಂಬ ಮಾತನ್ನೂ ನಂಬಬೇಡಿ. ರೇರಾ ಎಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ. ಜಾಗ 500 ಚದರ ಮೀಟರ್ ದಾಟಿ, ಘಟಕಗಳು 8ಕ್ಕಿಂತ ಹೆಚ್ಚಿದ್ದರೆ ನೋಂದಣಿ ಕಡ್ಡಾಯ. 60x90 ಸೈಟು 5,400 ಚದರ ಅಡಿ, ಅಂದರೆ ಸುಮಾರು 502 ಚದರ ಮೀಟರ್, ಅಲ್ಲಿಗೆ ಜಾಗದ ಮಿತಿ ದಾಟಿತು. ರೇರಾ ಲೆಕ್ಕದಲ್ಲಿ ಮಳಿಗೆಯೂ ಒಂದು ಘಟಕವೇ. ಕರಾರು ಪತ್ರ ನೋಂದಣಿಯಾಗುವ ಮೊದಲು ಬೆಲೆಯ ಶೇ 10ಕ್ಕಿಂತ ಹೆಚ್ಚು ಕೇಳುವಂತಿಲ್ಲ: 45 ಲಕ್ಷದ ಫ್ಲ್ಯಾಟಿಗೆ ನಾಲ್ಕೂವರೆ ಲಕ್ಷ, ಅಷ್ಟೇ.

ಈಗಾಗಲೇ ಸಿಕ್ಕಿಕೊಂಡವರ ಬಳಿ ಬಿಲ್ಡರ್ ಕಡೆಯವರು ಛಾಪಾ ಕಾಗದ ಹಿಡಿದು ಬರುತ್ತಾರೆ. ‘ಪರಿಷ್ಕೃತ ನಕ್ಷೆಗೆ ನನ್ನ ಒಪ್ಪಿಗೆ ಇದೆ’ ಎಂದು ಅದರಲ್ಲಿ ಬರೆದಿರುತ್ತದೆ, ಸಹಿ ಮಾಡಿದರೆ ಖಾತೆ ಬೇಗ ಆಗುತ್ತದೆ ಎನ್ನುತ್ತಾರೆ. ಹೊಸ ನಕ್ಷೆಯಲ್ಲಿ ನಿಮ್ಮ ಪಾರ್ಕಿಂಗ್ ಎಲ್ಲಿದೆ ಎಂದು ನೋಡದೆ ಸಹಿ ಹಾಕಬೇಡಿ. ರೇರಾ ಕಾಯ್ದೆಯ 14ನೇ ಕಲಮಿನಂತೆ ಇಂಥ ಬದಲಾವಣೆಗೆ ಕೊಂಡವರಲ್ಲಿ ಮೂರನೇ ಎರಡರಷ್ಟು ಜನರ ಲಿಖಿತ ಒಪ್ಪಿಗೆ ಮೊದಲೇ ಬೇಕು. ಅದರಲ್ಲಿ ಬಿಲ್ಡರ್ ಲೆಕ್ಕಕ್ಕಿಲ್ಲ. ಒಬ್ಬರೇ ಹತ್ತು ಮಳಿಗೆ ಕೊಂಡಿದ್ದರೂ ಅವರದು ಒಂದೇ ಒಪ್ಪಿಗೆ.