ಫಿಲಡೆಲ್ಫಿಯಾದ ಫ್ರಾಂಕ್ಲಿನ್ ಕೋರ್ಟ್: ಹೋಗೋಕೆ ಮುಂಚೆ ಆ ಮನುಷ್ಯನ ವಿಲ್ ಓದ್ಕೊಂಡು ಹೋಗಿ

ನಮ್ಮಪ್ಪ ತುಮಕೂರಲ್ಲಿ 31 ವರ್ಷ ಪ್ರೆಸ್ ನಡೆಸಿದೋರು. ಲಗ್ನಪತ್ರಿಕೆ, ಬಿಲ್ ಬುಕ್, ಜಾತ್ರೆ ಕರಪತ್ರ, ಎಲೆಕ್ಷನ್ ಬಂದ್ರೆ ಹಗಲೂ ರಾತ್ರಿ ಪಾಂಪ್ಲೆಟ್ಟು. ಅದಕ್ಕೇ ಅವರು ನ್ಯೂಜೆರ್ಸಿಗೆ ನಮ್ಮನೆಗೆ ಬಂದಾಗ ನಯಾಗರಾ ಆಮೇಲೆ ನೋಡೋಣ ಅಂತ ಮೊದ್ಲು ಕರ್ಕೊಂಡು ಹೋಗಿದ್ದು ಫಿಲಡೆಲ್ಫಿಯಾದ ಮಾರ್ಕೆಟ್ ಸ್ಟ್ರೀಟಲ್ಲಿರೋ ಫ್ರಾಂಕ್ಲಿನ್ ಕೋರ್ಟಿಗೆ. ಬೆಂಜಮಿನ್ ಫ್ರಾಂಕ್ಲಿನ್ ಅಂದ್ರೆ ಗಾಳಿಪಟ, ಮಿಂಚು, ನೂರು ಡಾಲರ್ ನೋಟು ಅಂತ ಎಲ್ರಿಗೂ ಗೊತ್ತು, ಆದ್ರೆ ಆತ ಮೂಲತಃ ಪ್ರೆಸ್ಸಿನವನು. ಬಾಸ್ಟನ್ನಲ್ಲಿ ಮೇಣದಬತ್ತಿ, ಸೋಪು ಮಾಡೋರ ಮಗ, 12ನೇ ವಯಸ್ಸಿಗೆ ಅಣ್ಣನ ಪ್ರೆಸ್ಸಲ್ಲಿ ಕೆಲಸಕ್ಕೆ ಸೇರಿದ್ದು, 1723ರಲ್ಲಿ ಅಲ್ಲಿಂದ ಓಡಿ ಬಂದು ಈ ಊರು ಸೇರಿದ್ದು.

ಅಲ್ಲಿ ಮನೆ ನೋಡ್ತೀನಿ ಅಂತ ಹೋದ್ರೆ ಮನೆ ಇಲ್ಲ. ಮನೆ ಇದ್ದ ಜಾಗದಲ್ಲಿ ಬಿಳಿ ಉಕ್ಕಿನ ಚೌಕಟ್ಟು ಮಾತ್ರ ನಿಲ್ಸಿದಾರೆ, ಗೋಡೆ ಇಲ್ಲ ಏನಿಲ್ಲ, ಮನೆ ಆಕಾರದ ಗೆರೆ ಅಷ್ಟೇ. ಆತ ಹೆಂಡತಿ ಜೊತೆ ಪತ್ರದಲ್ಲಿ ಮಾತಾಡಿದ ಸಾಲುಗಳನ್ನ ನೆಲದ ಕಲ್ಲಲ್ಲಿ ಕೆತ್ತಿದಾರೆ. ಆತ ವಿಲ್ಲಲ್ಲಿ ಈ ಮನೆನ ಮಗಳು ಸಾರಾ ಮತ್ತು ಅಳಿಯ ರಿಚರ್ಡ್ ಬಾಚೆಗೆ ಬರೆದಿದ್ದ, ವಾರಸುದಾರರು 1812ರಲ್ಲಿ ಕೆಡವಿಸಿಬಿಟ್ರು. ಇದು ಗೊತ್ತಿಲ್ದೆ ಹೋದ್ರೆ ಏನಪ್ಪಾ ಇದು ಬರೀ ಕಂಬ ಅನ್ಸುತ್ತೆ, ಗೊತ್ತಿದ್ದು ನಿಂತ್ರೆ ಹೊಟ್ಟೆಯೊಳಗೆ ಒಂಥರಾ ಆಗುತ್ತೆ. ಮ್ಯೂಸಿಯಂ ನೆಲದ ಕೆಳಗಿದೆ, ಮಕ್ಕಳಿಗೆ ಚೆನ್ನಾಗಿದೆ, ಅದರ ಬಗ್ಗೆ ಜಾಸ್ತಿ ಬರೆಯೋಲ್ಲ.

ನಾವು ಇಡೀ ಮಧ್ಯಾಹ್ನ ಕಳೆದಿದ್ದು ಪ್ರಿಂಟಿಂಗ್ ಆಫೀಸಲ್ಲಿ. ಹಳೇ ಕಾಲದ ಥರದ್ದೇ ಮರದ ಪ್ರೆಸ್ಸು, ಆ ಜಾಗ ನೋಡ್ಕೊಳ್ಳೋ ಪಾರ್ಕ್ ರೇಂಜರ್ ಒಬ್ರು ಚರ್ಮದ ಎರಡು ಉಂಡೆಗೆ ಶಾಯಿ ಹಚ್ಚಿ ಅಚ್ಚಿನ ಮೊಳೆ, ಅಂದ್ರೆ ಸೀಸದ ಅಕ್ಷರಗಳ ಮೇಲೆ ಟಪ್ ಟಪ್ ಅಂತ ತಟ್ತಾರೆ, ಕಾಗದ ಇಟ್ಟು ಒಳಗೆ ತಳ್ಳಿ, ಹಿಡಿ ಎಳೆದ್ರೆ ಒಂದು ಹಾಳೆ. ಆ ಹಾಳೆನ ಹಗ್ಗದ ಮೇಲೆ ಒಣಗೋಕೆ ಹಾಕ್ತಾರೆ. ಅಪ್ಪ ಒಳಗೆ ಕಾಲಿಟ್ಟ ತಕ್ಷಣ ಕಣ್ಮುಚ್ಚಿ ಶಾಯಿ ವಾಸನೆ ಎಳ್ಕೊಂಡ್ರು. ಆಮೇಲೆ ಜೋಡಿಸಿಟ್ಟ ಮೊಳೆನ ದೂರದಿಂದಲೇ ಉಲ್ಟಾ ಓದಿ ನನಗೆ ಹೇಳಿದ್ರು, ನಾನು ಸರಿಯಾಗಿದ್ದ ಪ್ರಿಂಟೇ ಇನ್ನೂ ಓದ್ತಾ ಇದ್ದೆ! ಇವರಿಗೇನಮ್ಮಾ, ಎರಡು ಕೇಸಲ್ಲಿ (ಮೊಳೆ ಇಡೋ ಖಾನೆ ಪೆಟ್ಟಿಗೇಲಿ) ಎಲ್ಲಾ ಮುಗೀತು, ನಮಗೆ ಕಾಗುಣಿತ, ಒತ್ತಕ್ಷರ ಎಲ್ಲಾ ಸೇರಿ ಗೋಡೆ ತುಂಬಾ ಖಾನೆಗಳು, ಕತ್ತಲಲ್ಲೂ ಕೈ ಹೋಗ್ಬೇಕು ಅಂತ ಕೈ ಆಡಿಸಿ ತೋರಿಸಿದ್ರು. ರೇಂಜರಿಗೆ ಭಾಷೆ ಬರ್ದಿದ್ರೂ ಕೈ ನೋಡಿನೇ ಗೊತ್ತಾಯ್ತು ಇವರು ಕಸುಬಿನವರು ಅಂತ, ಪಕ್ಕಕ್ಕೆ ಕರೆದು ಕೇಸ್ ಹತ್ರದಿಂದ ತೋರಿಸಿದ್ರು. ಅಷ್ಟು ಪ್ರೀತಿಯಿಂದ ಮಾತಾಡ್ಸೋ ಸಿಬ್ಬಂದಿ ನಾನು ಬೇರೆಲ್ಲೂ ನೋಡಿಲ್ಲ.

ಈಗ ವಿಲ್ ವಿಷಯ. 1788ರ ಜುಲೈ 17ರಂದು ಬರೆದ ವಿಲ್ ಶುರುವಾಗೋದೇ ನಾನು, ಫಿಲಡೆಲ್ಫಿಯಾದ ಬೆಂಜಮಿನ್ ಫ್ರಾಂಕ್ಲಿನ್, ಪ್ರಿಂಟರ್ ಅಂತ. ಫ್ರಾನ್ಸಿಗೆ ರಾಯಭಾರಿ ಆಗಿದ್ದೆ, ಪೆನ್ಸಿಲ್ವೇನಿಯಾ ರಾಜ್ಯದ ಅಧ್ಯಕ್ಷ ಆಗಿದೀನಿ ಅನ್ನೋದೆಲ್ಲಾ ಆಮೇಲೆ. 42ನೇ ವಯಸ್ಸಿಗೇ ಅಂಗಡಿ ಕೆಲಸ ಪಾರ್ಟ್ನರಿಗೆ ಬಿಟ್ಟಿದ್ದ, ಆದ್ರೂ 80 ದಾಟಿದ ಮೇಲೆ ತನ್ನ ಹೆಸರಿನ ಮುಂದೆ ಮೊದಲು ಹಾಕಿದ್ದು ಕಸುಬು. ಇದನ್ನ ಟ್ರೈನಲ್ಲಿ ಕನ್ನಡ ಮಾಡಿ ಹೇಳಿದಾಗ ಅಪ್ಪ ಇನ್ನೊಂದ್ಸಲ ಹೇಳು ಅಂದ್ರು.

ಮಗ ವಿಲಿಯಂ ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ ಬ್ರಿಟಿಷರ ಕಡೆ ನಿಂತಿದ್ದ, ಅವನಿಗೆ ಈಗಿನ ಕೆನಡಾದ ನೋವಾ ಸ್ಕೋಷಿಯಾದ ಜಮೀನು, ಅವನ ಹತ್ರ ಆಗ್ಲೇ ಇದ್ದ ಪುಸ್ತಕ, ಕಾಗದ ಪತ್ರ, ಮತ್ತೆ ಅವನು ಕೊಡ್ಬೇಕಿದ್ದ ಸಾಲದ ಮನ್ನಾ, ಅಷ್ಟೇ. ನನ್ನಿಂದ ಕಿತ್ಕೊಳ್ಳೋಕೆ ನೋಡಿದ ಆಸ್ತಿಲಿ ಇದಕ್ಕಿಂತ ಜಾಸ್ತಿ ಯಾಕೆ ಕೊಡ್ಲಿಲ್ಲ ಅಂತ ಅವನ ನಡತೆನೇ ಹೇಳುತ್ತೆ ಅನ್ನೋ ಅರ್ಥ ಬರೋ ಹಾಗೆ ಬರೆದ. ಓದಿದಾಗ ನನಗೆ ಕಠಿಣ ಅನ್ನಿಸ್ತು, ಈಗ್ಲೂ ಅನ್ಸುತ್ತೆ. ಬಾಸ್ಟನ್ನಿನ ತಂಗಿ ಜೇನ್‌ಗೆ ಮನೆ, ಜೊತೆಗೆ ಬದುಕಿರೋವರೆಗೂ ವರ್ಷಕ್ಕೆ 50 ಪೌಂಡ್. ಫ್ರಾನ್ಸ್ ದೊರೆ ಕೊಟ್ಟಿದ್ದ, 408 ವಜ್ರ ಕೂರಿಸಿದ್ದ ದೊರೆಯ ಚಿತ್ರ ಮಗಳಿಗೆ, ಆದ್ರೆ ವಜ್ರ ಕಿತ್ತು ಒಡವೆ ಮಾಡಿಸ್ಕೋಬೇಡ ಅಂತ ಕೋರಿಕೆ. ಅಳಿಯನಿಗಿದ್ದ ಸಾಲ ಮನ್ನಾ, ಅದಕ್ಕೆ ಬದಲಾಗಿ ಅವನ ಮನೇಲಿ ಗುಲಾಮನಾಗಿದ್ದ ಬಾಬ್ ಅನ್ನೋನನ್ನ ಬಿಡುಗಡೆ ಮಾಡ್ಬೇಕು ಅಂತ. ಒಂದು ಕಾಲದಲ್ಲಿ ತಾನೂ ಗುಲಾಮರನ್ನ ಇಟ್ಕೊಂಡಿದ್ದೋನು ಆತ, ಅದನ್ನ ಮರೆತು ಹೊಗಳೋಕಾಗಲ್ಲ.

ಮೊಳೆ, ಪ್ರೆಸ್ ಸಾಮಾನೆಲ್ಲಾ ಸೇರಿ ಹತ್ತಿರ ಹತ್ತಿರ ಸಾವಿರ ಪೌಂಡಿಂದು, ಅದು ಮೊಮ್ಮಗ ಬೆಂಜಮಿನ್ ಬಾಚೆಗೆ. ಆ ಹುಡುಗ ಇದೇ ಕಾಂಪೌಂಡಿಂದ ಪೇಪರ್ ನಡೆಸಿದ. ಇದನ್ನ ಹೇಳುವಾಗ ನನ್ನ ಗಂಟಲು ಕಟ್ಟಿತ್ತು, ಯಾಕಂದ್ರೆ ಮೊಳೆ ಬೇಡದ ಆಫ್‌ಸೆಟ್ ಪ್ರಿಂಟಿಂಗ್ ಬಂದ್ಮೇಲೆ ನಮ್ಮಪ್ಪ ಮೊಳೆನೆಲ್ಲಾ ಸೀಸ ಅಂತ ಕೆಜಿ ಲೆಕ್ಕದಲ್ಲಿ ಗೋಣಿಚೀಲದಲ್ಲಿ ತುಂಬಿ ಕೊಟ್ಟಿದ್ರು, ನಮ್ಮಲ್ಲಿ ತಗೊಳ್ಳೋರು ಯಾರೂ ಇರ್ಲಿಲ್ಲ.

ಅಪ್ಪ ಖುಷಿಪಟ್ಟಿದ್ದು ಉದ್ರಿ ಪುಸ್ತಕಕ್ಕೆ. ಫ್ರಾಂಕ್ಲಿನ್ ಹಳೇ ಲೆಡ್ಜರಲ್ಲಿ ವಸೂಲಾಗ್ದೆ ಉಳಿದಿದ್ದ ಸಾಲನೆಲ್ಲಾ ಪೆನ್ಸಿಲ್ವೇನಿಯಾ ಆಸ್ಪತ್ರೆಗೆ ಬರೆದಿದ್ದ, 1751ರಲ್ಲಿ ಡಾಕ್ಟರ್ ಥಾಮಸ್ ಬಾಂಡ್ ಜೊತೆ ಸೇರಿ ತಾನೂ ಓಡಾಡಿ ಶುರು ಮಾಡಿಸಿದ ಆಸ್ಪತ್ರೆ ಅದು. ನಾನು ಕೇಳಿದ್ರೆ ಕೊಡ್ದೆ ಇದ್ದೋರು ಆಸ್ಪತ್ರೆಗಾದ್ರೂ ಕೊಡ್ತಾರೆ ಅನ್ನೋ ಆಸೆ. ಆಸ್ಪತ್ರೆಯೋರು ಕೆಲವು ವರ್ಷ ನೋಡಿ, ಇದು ಬರೋ ದುಡ್ಡಲ್ಲ ಅಂತ ಪುಸ್ತಕ ವಾಪಸ್ ಕೊಟ್ರು. ಎಲ್ಲಾ ಕಡೆ ಗಿರಾಕಿ ಒಂದೇ ಕಣಮ್ಮ ಅಂದ್ರು ಅಪ್ಪ.

ಆದ್ರೆ ನನ್ನನ್ನ ಈ ಜಾಗಕ್ಕೆ ಎಳೆದಿದ್ದು 1789ರ ಜೂನಲ್ಲಿ, ಸಾಯೋಕೆ ಹತ್ತು ತಿಂಗಳ ಮುಂಚೆ ಸೇರಿಸಿದ ಭಾಗ. ಬಾಸ್ಟನ್‌ಗೆ 1000, ಫಿಲಡೆಲ್ಫಿಯಾಗೆ 1000 ಪೌಂಡು. ದಾನ ಹಂಚೋಕಲ್ಲ, ಸಾಲ ಕೊಡೋಕೆ. ಕಸುಬು ಕಲಿತು ಮುಗಿಸಿದ, ಮದುವೆಯಾದ, 25 ದಾಟದ ಹುಡುಗರಿಗೆ ಸ್ವಂತ ಅಂಗಡಿ ಇಡೋಕೆ 15ರಿಂದ 60 ಪೌಂಡು, ಬಡ್ಡಿ 5 ಪರ್ಸೆಂಟ್, ಇಬ್ಬರ ಜಾಮೀನು, ವರ್ಷಕ್ಕೆ ಹತ್ತನೇ ಒಂದು ಭಾಗ ಕಟ್ತಾ ಹೋಗ್ಬೇಕು, ಅದು ವಾಪಸ್ ಬಂದ ಹಾಗೆ ಇನ್ನೊಬ್ಬನಿಗೆ. ಹೀಗೆ 200 ವರ್ಷ! ನೂರು ವರ್ಷಕ್ಕೆ ಒಂದು ಭಾಗ ತೆಗೆದು ಊರಿನ ಕೆಲಸಕ್ಕೆ, ಉಳಿದಿದ್ದು ಮತ್ತೆ ನೂರು ವರ್ಷ ಓಡ್ಬೇಕು. ಕಾರಣನೂ ಬರೆದಿದಾನೆ, ತಾನು ಈ ಊರಲ್ಲಿ ಅಂಗಡಿ ಹಾಕಿದಾಗ ಇಬ್ಬರು ಸ್ನೇಹಿತರು ಕೊಟ್ಟ ಸಾಲನೇ ತನ್ನ ಸಂಪತ್ತಿಗೆ ಬುನಾದಿ ಅಂತ.

ದುಡ್ಡು ಅಂದ್ಕೊಂಡಷ್ಟು ಬೆಳೀಲಿಲ್ಲ. ಫ್ಯಾಕ್ಟರಿ ಬಂದ ಮೇಲೆ ಗುರುವಿನ ಹತ್ರ ವರ್ಷಗಟ್ಲೆ ಕಸುಬು ಕಲಿಯೋ ಪದ್ಧತಿನೇ ಹೋಯ್ತು, ಸಾಲ ಕೇಳೋರು ಕಮ್ಮಿಯಾದ್ರು, ಕೆಲವರು ಕಟ್ಲಿಲ್ಲ. 1990ಕ್ಕೆ ಅವಧಿ ಮುಗಿದಾಗ ಫಿಲಡೆಲ್ಫಿಯಾದಲ್ಲಿ ಸುಮಾರು 20 ಲಕ್ಷ ಡಾಲರ್, ಬಾಸ್ಟನ್ನಲ್ಲಿ ಅದರ ಎರಡರಷ್ಟಕ್ಕಿಂತ ಜಾಸ್ತಿ. ಬಾಸ್ಟನ್ನಲ್ಲಿ ಮೊದಲ ನೂರು ವರ್ಷದ ದುಡ್ಡಿಂದ ಎದ್ದ ಟೆಕ್ನಿಕಲ್ ಶಾಲೆಲಿ ಇವತ್ತಿಗೂ ಹುಡುಗರು ಕಸುಬು ಕಲೀತಿದಾರೆ. ಲೆಕ್ಕ ತಪ್ಪಿರಬಹುದು, ಆದ್ರೆ ನನ್ನ ಪಾಲಿಗೆ ಇದು ಸೋತ ಸ್ಕೀಮ್ ಅಲ್ಲ.

ಹೋಗೋರಿಗೆ: ಕಾರ್ ಬೇಡ. ಹತ್ತಿರದ ಒಂದು ಗ್ಯಾರೇಜಲ್ಲಿ ಬೋರ್ಡಲ್ಲಿದ್ದ ರೇಟೇ ಬೇರೆ, ಹೊರಗೆ ಬರುವಾಗ ತಗೊಂಡಿದ್ದೇ ಬೇರೆ ಅಂತ ನಮಗೆ ಹಿಂದಿನ ಸಲ ಆಗಿತ್ತು, ಈ ಸಲ ಪ್ಯಾಟ್ಕೋ ಟ್ರೈನಲ್ಲಿ ಹೋಗಿ ನಡೆದ್ವಿ. ಸಮಾಧಿನೂ ಹತ್ರಾನೇ, ಐದನೇ ಬೀದಿ ಮತ್ತು ಆರ್ಚ್ ಸ್ಟ್ರೀಟ್ ಮೂಲೆ, ಕಬ್ಬಿಣದ ಸರಳಿನ ಆಚೆಯಿಂದನೇ ಕಾಣುತ್ತೆ. ಕಲ್ಲು ಆರಡಿ ಉದ್ದ, ನಾಲ್ಕಡಿ ಅಗಲ, ಸಾದಾ ಇರ್ಲಿ ಅಂತ ವಿಲ್ಲಲ್ಲೇ ಬರೆದಿದ್ದ, ಹಾಗೇ ಇದೆ. ಜನ ಅದರ ಮೇಲೆ ಚಿಲ್ಲರೆ ಕಾಸು ಎಸೀತಾರೆ. ದಯವಿಟ್ಟು ಎಸೀಬೇಡಿ, ಕಲ್ಲಿಗೆ ಪೆಟ್ಟಾಗುತ್ತೆ.

ಪ್ರಿಂಟಿಂಗ್ ಆಫೀಸ್ ಪಕ್ಕದಲ್ಲೇ ಪೋಸ್ಟ್ ಆಫೀಸ್ ಇದೆ, ಫ್ರಾಂಕ್ಲಿನ್ ಸಹಿ ಇರೋ ಮುದ್ರೆನ ಕೈಯಲ್ಲೇ ಒತ್ತಿ ಕೊಡ್ತಾರೆ. ಅಪ್ಪ ಒಂದು ಕಾರ್ಡ್ ತಗೊಂಡು, ತಮ್ಮ ಪ್ರೆಸ್ಸಲ್ಲಿ ಮೊಳೆ ಜೋಡಿಸ್ತಿದ್ದ ಕಂಪೋಸಿಟರಿಗೆ ಬರೆದ್ರು. ಇಲ್ಲಿ ಬರೀ ಎರಡೇ ಕೇಸ್ ಕಣಯ್ಯಾ, ನೀನಾದ್ರೆ ಒಂದು ಗಂಟೇಲಿ ಪೇಜ್ ಎತ್ತಿ ಕೊಡ್ತಿದ್ದೆ. ಮೂರು ವಾರ ಆದ್ಮೇಲೆ ಅವರು ತುಮಕೂರಿಂದ ಫೋನ್ ಮಾಡಿದ್ರು, ಮುದ್ರೆ ಒಂಚೂರು ಸೊಟ್ಟ ಬಿದ್ದಿದೆ ಸಾರ್ ಅಂತ.